ಹಪ್ಪಳ ಲಟ್ಟಸ್ಕೋತ ಮಾಡಿದ ಸಿನಿಮಾ ಯಾದಿ

ಈ ಸಲ ನಮ್ಮನ್ಯಾಗ ಉದ್ದಿನ ಹಪ್ಪಳದ ಕೆಲಸ ಎರಡು ದಿನ ನಡೀತು ಅಂತ ನಿಮಗೆಲ್ಲಾ ಗೊತ್ತೇ ಅದ. ಅರ್ಧ ಮಂದಿ ನೀವ ಬಂದು ಲಟ್ಟಣಗಿ ಹಿಡದಿದ್ರಿ. ಉಳದ ಅರ್ಧ ಮಂದಿ ಹಪ್ಪಳ ಆರಿದ ಮ್ಯಾಲೆ ಡಬ್ಬಿ ಹಿಡ್ಕೊಂಡು ಬಂದ್ರಿ. ಹೆಸರು ಹೇಳೂದುಲ್ಲ, ಆದ್ರ ಮರತೂ ಇಲ್ಲ.

ಮೊದಲನೇ ದಿನ ಮಧ್ಯಾಹ್ನ ಪಡಸಾಲ್ಯಾಗ ಏಳು ಮಂದಿ ಕೂತಿದ್ವಿ. ನನ್ನ ತಂಗಿ ಮಗಳು ಪುಣೆದಿಂದ ಐದು ತಿಂಗಳ ಕೂಸು ಕರಕೊಂಡು ಬಂದಿದ್ಲು. ಅಕಿಗೆ ಹಪ್ಪಳ ಲಟ್ಟಸ್ಲಿಕ್ಕೆ ಬರೂದುಲ್ಲ, ಲಟ್ಟಿಸಿದ್ದು ಕರ್ನಾಟಕದ ನಕಾಶೆ ಆಗ್ತದ. ಹಿಂಗಾಗಿ ಅಕಿಗೆ ಬಾಯಿ ಕೆಲಸ ಕೊಟ್ಟಿದ್ವಿ. ನಮಗ ಬ್ಯಾಸರ ಆಗಧಂಗ ಏನರೆ ಮಾತಾಡಬೇಕು. ಅಕಿ ಒಂದು ಪ್ರಶ್ನೆ ತಗದ್ಲು: "ದೊಡ್ಡವ್ವಾ, ನಿಮ್ಮ ಜನ್ಮದಾಗ ನೋಡಿದ ಸಿನಿಮಾದಾಗ ಭಾಳ ಸೇರಿದ್ದು ಯಾವ್ಯಾವು? ನಂಬರ್ ಹಚ್ಚಿ ಹೇಳ್ರಿ. ಎಲ್ಲಾರೂ ಹೇಳಬೇಕು."

ಏನು ಗದ್ದಲ ಅಂತೀರಿ! ಅದುವರೆಗೂ ಸೊಂಟ ನೋವು ಅಂತಿದ್ದವರೆಲ್ಲಾ ನೆಟ್ಟಗ ಕೂತ್ರು. ಬಾಜೂ ಮನಿ ವೈನಿ ಒಂದೇ ಉಸರಿನ್ಯಾಗ ಹತ್ತು ಸಿನಿಮಾ ಹೇಳಿದ್ರು, ಹತ್ತೂ ರಾಜಕುಮಾರಂದು. ನಮ್ಮನಿಯವರು ಪೇಪರ್ ಓದ್ಕೋತ ಕೂತವರು ಯಾರೂ ಕೇಳದನ "ಬಂಗಾರದ ಮನುಷ್ಯ, ಮತ್ತೇನದ ಅದರಾಗ ವಿಚಾರ ಮಾಡೂದು" ಅಂತ ತೀರ್ಪು ಕೊಟ್ಟು ಮತ್ತ ಪೇಪರಿನ್ಯಾಗ ಹೊಕ್ಕರು. 1972ರಾಗ ಆ ಸಿನಿಮಾ ಬಂದಾಗ ಇವರಿಗೆ ಹನ್ನೊಂದು ವರ್ಷ. ಅದನ್ನ ನೋಡಿ ಪ್ಯಾಟಿ ಬಿಟ್ಟು ಹೊಲಾ ಮಾಡ್ಲಿಕ್ಕೆ ಹೋದವರು ಭಾಳ ಮಂದಿ ಇದ್ರಂತ. ಇವರು ಮಾತ್ರ ಹೋಗಲಿಲ್ಲ, ಬ್ಯಾಂಕಿನ್ಯಾಗ ಕುರ್ಚಿ ಹಿಡದ್ರು. ನಾ ಇದನ್ನ ಅಂದಾಗೊಮ್ಮೆ ಅವರಿಗೆ ಸಿಟ್ಟು ಬರ್ತದ.

ನನ್ನ ಸರದಿ ಬಂತು. ನಾ ಹೇಳಿದ ಯಾದಿ ಒಂದು, ಮನಸಿನ್ಯಾಗ ಇದ್ದದ್ದು ಇನ್ನೊಂದು. ಯಾಕ ಅನ್ನೂದನ್ನ ಆಮ್ಯಾಲೆ ಹೇಳ್ತೀನಿ. ಮೊದಲ ಯಾದಿ ಕೇಳ್ರಿ, ಕೆಳಗಿಂದ ಮ್ಯಾಲೆ ಹತ್ತೋಣ.

ಏಳನೇದ್ದು ಜೈ ಸಂತೋಷಿ ಮಾ. ನಗಬ್ಯಾಡ್ರಿ. 1975ರಾಗ ಶೋಲೆ ಬಂದ ವರ್ಷನ ಇದೂ ಬಂತು. ನಂಗ ಆಗ ಒಂಬತ್ತು ವರ್ಷ. ನಮ್ಮವ್ವ, ಓಣ್ಯಾಗಿನ ಹೆಣ್ಣಮಕ್ಕಳು ಎಲ್ಲಾ ಕೂಡಿ ಟಾಂಗಾ ಮಾಡ್ಕೊಂಡು ಹೋಗಿದ್ವಿ. ಟಾಕೀಜಿನ ಬಾಗಲದಾಗ ಚಪ್ಪಲಿ ಬಿಟ್ಟು ಒಳಗ ಹೋಗೂದು, ಆರತಿ ಹಾಡಿಗೆ ತೆರಿಗೆ ಚಿಲ್ಲರ ಒಗಿಯೂದು. ನಾ ಒಗದ ಐದು ಪೈಸಾ ಮುಂದ ಕೂತವರ ತಲಿಗೆ ಬಿತ್ತು. ಅಲ್ಲಿಂದ ನಮ್ಮನ್ಯಾಗ ಶುಕ್ರವಾರದ ವ್ರತ ಶುರು ಆತು. ಹದಿನಾರು ಶುಕ್ರವಾರ ಹುಳಿ ತಿನ್ನಂಗಿಲ್ಲ. ಹುಳಿ ಇಲ್ಲದ ಸಾರು ಉಂಡ ನಮ್ಮಪ್ಪಗ ಆ ಸಿನಿಮಾ ತಗದವರ ಮ್ಯಾಲೆ ಭಾಳ ಸಿಟ್ಟಿತ್ತು. ಸಿನಿಮಾ ಹೆಂಗದ ಅಂತ ಈಗ ನೋಡಿದ್ರ ಏನು ಹೇಳ್ತೀನೋ ಗೊತ್ತಿಲ್ಲ. ಆದ್ರ ನಮ್ಮವ್ವ ಅಡಿಗಿಮನಿ ಬಿಟ್ಟು ಮೂರು ತಾಸು ಕಾಲು ಚಾಚಿ ಕೂತದ್ದು ನಾ ಮೊದಲನೇ ಸಲ ನೋಡಿದ್ದು ಅವತ್ತ.

ಆರನೇದ್ದು ಗಣೇಶನ ಮದುವೆ, 1990ರದ್ದು. ಅನಂತನಾಗ್, ವಿನಯಾ ಪ್ರಸಾದ್, ಮನಿ ಮಾಲಕ ಮುಖ್ಯಮಂತ್ರಿ ಚಂದ್ರು. ನಾವು ಬಾಡಿಗಿ ಚಾಳಿನ್ಯಾಗ ಹನ್ನೊಂದು ವರ್ಷ ಇದ್ದವರು. ಆ ವಠಾರ ನೋಡಿದ್ರ ನಮ್ಮ ಚಾಳೇ ಕಂಡಂಗ ಆಗ್ತದ. ಎಷ್ಟು ಸಲ ನೋಡೀನಿ ಅನ್ನೂದರ ಮ್ಯಾಲೆ ನಂಬರ್ ಹಚ್ಚಿದ್ರ ಇದ ಒಂದನೇದ್ದು ಆಗ್ಬೇಕು. ಟೀವಿ ಹಚ್ಚಿದಾಗೊಮ್ಮೆ ಬಂದಿರ್ತದ, ಪಲ್ಯಾ ಹೆಚ್ಚಕೋತ ನೋಡ್ತೀನಿ. ಆದ್ರ ಸಲದ ಲೆಕ್ಕ ಬ್ಯಾರೆ, ಒಳಗ ಇಳದದ್ದರ ಲೆಕ್ಕ ಬ್ಯಾರೆ.

ಐದನೇದ್ದು ಬೆಟ್ಟದ ಹೂವು, 1985. ಪುನೀತ್ ಸಣ್ಣಾಂವ. ಗುಡ್ಡದ ಊರಿನ ಬಡವರ ಹುಡುಗ, ಕುವೆಂಪು ಅವರ ರಾಮಾಯಣ ದರ್ಶನಂ ಪುಸ್ತಕ ತಗೋಬೇಕು ಅಂತ ಆಶಾ. ಕಾಡಿನ್ಯಾಗ ಸೀತಾಳೆ ಹೂ ಹುಡುಕಿ ತಂದುಕೊಟ್ಟು ರೊಕ್ಕ ಕೂಡಿಸ್ತಾನ. ಕಡೀಕ ರೊಕ್ಕ ಕೂಡ್ತದ. ಅಂಗಡಿಗೆ ಹೋಗಿ ಪುಸ್ತಕ ಬಿಟ್ಟು ಮನಿ ಮಂದಿಗೆ ಚಳಿಗೆ ಹೊದಿಲಿಕ್ಕೆ ಕಂಬಳಿ ತರ್ತಾನ. ಇಷ್ಟ ಕಥಿ. ಆ ಹುಡುಗಗ ರಾಷ್ಟ್ರಪ್ರಶಸ್ತಿ ಬಂತು. 2021ರ ಅಕ್ಟೋಬರ್‌ದಾಗ ಪುನೀತ್ ಹೋದ ವಾರ ಟೀವಿಯೊಳಗ ಹಾಕಿದ್ರು. ಎಂಜಿನಿಯರ್ ಆಗಿ ದಾಡಿ ಬಿಟ್ಟ ನಮ್ಮ ಮಗ ಸೋಫಾದ ಮ್ಯಾಲೆ ಕೂತು ಕಂಬಳಿ ಸೀನಿಗೆ ಅತ್ತ. ಅವನ ಅಜ್ಜ ಹೋದಾಗ ಅತ್ತಿರಲಿಲ್ಲ. ನಾ ಒಳಗ ಹೋಗಿ ಚಹಾ ಇಟ್ಟೆ, ನೋಡಿಲ್ಲ ಅನ್ನೋ ಹಂಗ.

ನಾಕನೇದ್ದು ನಾಗಮಂಡಲ, 1997. ಇದು ನಮ್ಮ ಮಾತಿನ ಸಿನಿಮಾ. ಅದುವರೆಗೂ ನಮ್ಮ ಕಡೆ ಮಾತು ಸಿನಿಮಾದಾಗ ಬಂದ್ರ ಒಬ್ಬಾಂವ ಧೋತರ ಉಟ್ಟು ನಗಸ್ಲಿಕ್ಕೆ ಬರಬೇಕು, ಇಲ್ಲಾ ಜಗಳಾಡ್ಲಿಕ್ಕೆ ಬರಬೇಕು. ನಾಗಾಭರಣ ಅವರು ಅದನ್ನ ಪ್ರೀತಿ ಮಾಡೂ ಮಾತು ಮಾಡಿದ್ರು. ಪ್ರಕಾಶ್ ರೈ ಗಂಡನೂ ಹೌದು, ನಾಗಪ್ಪನೂ ಹೌದು. ಹಗಲಿನ ಗಂಡ ಬಾಗಲಿಗೆ ಕೀಲಿ ಹಾಕಿ ಹೋಗ್ತಾನ, ರಾತ್ರಿ ಗಂಡ ಕೂತು ಮಾತು ಕೇಳ್ತಾನ. ಗಿರೀಶ ಕಾರ್ನಾಡರ ನಾಟಕ ಇದು, ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಅಜ್ಜಿ ಕಥಿ ಇದರ ಬೇರು. ಸಿನಿಮಾ ಮುಗಿಸಿ ಹೊರಗ ಬಂದಾಗ ನನ್ನ ನಾದಿನಿ "ವೈನಿ, ಹಾವಾದ್ರೂ ಇರಲಿ, ಮಾತಾಡಿಸ್ತಿತ್ತಲ್ಲ" ಅಂದ್ಲು. ಅಕಿ ಅದನ್ನ ನಕ್ಕೋತ ಅಂದಿದ್ದು. ಎರಡು ವರ್ಷದ ಮ್ಯಾಲೆ ಅಕಿ ಸಂಸಾರದ್ದು ಗೊತ್ತಾದಾಗ ಆ ಮಾತು ತಿರಗಿ ನೆನಪಾತು.

ಮೂರನೇದ್ದು ದ್ವೀಪ. ನಾ. ಡಿಸೋಜ ಅವರ ಕಾದಂಬರಿ, ಗಿರೀಶ ಕಾಸರವಳ್ಳಿ ಅವರು 2002ರಾಗ ಮಾಡಿದ್ದು. ಸೌಂದರ್ಯ ತಾನ ರೊಕ್ಕ ಹಾಕಿ ತಾನ ನಾಗಿ ಆಗ್ಯಾಳ. ಡ್ಯಾಮಿನ ನೀರು ಏರ್ತದ, ಸುತ್ತಲ ಊರೆಲ್ಲಾ ಖಾಲಿ, ಇವರ ಒಂದು ಮನಿ ಗುಡ್ಡದ ಮ್ಯಾಲೆ. ಮಳಿ ಬಿಡೂದುಲ್ಲ. ನಾಗಿ ಒಬ್ಬಾಕಿ ಗಟ್ಟಿಯಾಗಿ ನಿಂತು ಮನಿ ಉಳಸ್ತಾಳ. ಎಲ್ಲಾ ಮುಗದ ಮ್ಯಾಲೆ ಗಂಡ "ದೇವರು ಕಾಪಾಡಿದ" ಅಂತ ಕೈ ಮುಗಿತಾನ. ಆಗ ಸೌಂದರ್ಯಾನ ಮುಖ ನೋಡ್ಬೇಕು ನೀವು! ಅಕಿ ಒಂದು ಮಾತೂ ಆಡೂದುಲ್ಲ. ನಮ್ಮ ಎದುರು ಮನಿ ಕಾಕೂ ಹಳೇ ಬಾಗಲಕೋಟಿಯವರು, ಆಲಮಟ್ಟಿ ಹಿನ್ನೀರಿನ್ಯಾಗ ಅವರ ತವರಮನಿ ಹೋತು. ನವನಗರದಾಗ ಸೈಟು ಬಂತು, ಮನಿ ಆತು, ಎಲ್ಲಾ ಛೊಲೊ ಅದ. ಆದ್ರೂ ಈ ಸಿನಿಮಾ ಅವರಿಗೆ ಪೂರ್ತಿ ನೋಡ್ಲಿಕ್ಕೆ ಆಗಲಿಲ್ಲ, "ನಮ್ಮ ಬಾಗಲ ಚೌಕಟ್ಟು ಬಿಚ್ಚಿ ತಂದ್ವಿ, ಕಟ್ಟಿ ತರ್ಲಿಕ್ಕೆ ಬರ್ತದೇನ?" ಅಂತ ಎದ್ದು ಹೋದ್ರು. ಸೌಂದರ್ಯ 2004ರಾಗ ವಿಮಾನ ಬಿದ್ದು ಹೋದ್ಲು. ಇನ್ನೂ ಎಷ್ಟು ಮಾಡ್ತಿದ್ಲೋ.

ಇಷ್ಟು ಹೇಳಿ ಎರಡನೇದ್ದು, ಒಂದನೇದ್ದು ಅನ್ನೂದರಾಗ ನಾ ತಡದೆ. ಬೆಳ್ಳಿಮೋಡ ಒಂದನೇದ್ದು ಅಂದೆ. ಅದೂ ಸುಳ್ಳಲ್ಲ. 1967ರದ್ದು, ಪುಟ್ಟಣ್ಣ ಕಣಗಾಲ್ ಕನ್ನಡದಾಗ ಮಾಡಿದ ಮೊದಲನೇ ಸಿನಿಮಾ. ಒಬ್ಬಾಕೆ ಮಗಳು ಇಂದಿರಾ, ಅಪ್ಪನ ಆಸ್ತಿ ಎಲ್ಲಾ ಅಕಿದು ಅಂತ ನಿಶ್ಚಯ ಆಗ್ತದ. ಆ ಹುಡುಗ ಇವರಪ್ಪನ ರೊಕ್ಕದಾಗ ಅಮೆರಿಕಾಕ್ಕ ಓದ್ಲಿಕ್ಕೆ ಹೋಗ್ತಾನ. ಇತ್ಲಾಗ ಅವ್ವಗ ಗಂಡು ಕೂಸು ಹುಟ್ತದ. ಆಸ್ತಿ ಕೂಸಿಗೆ ಅಂತ ಗೊತ್ತಾದ ಮ್ಯಾಲೆ ಅವನ ಮನಸು ತಿರಗ್ತದ. ಆಮ್ಯಾಲೆ ಅವಗ ಪೆಟ್ಟಾಗಿ ಇಂದಿರಾನ ಕೈಲೆ ಆರೈಕಿ ಮಾಡಿಸ್ಕೊಂಡು, ಮತ್ತ ಮದುವಿ ಆಗೋಣ ಅಂತಾನ. ಅಕಿ ಒಲ್ಲೆ ಅಂತಾಳ. ಆ ಕಾಲದಾಗ "ಒಲ್ಲೆ" ಅನ್ನೂ ನಾಯಕಿ! ನಮ್ಮ ಓಣ್ಯಾಗ ಇವತ್ತಿಗೂ ಅನ್ನೂದು ಕಷ್ಟ ಅದ.

"ಮತ್ತ ಎರಡನೇದ್ದು?" ಅಂತ ತಂಗಿ ಮಗಳು ಕೇಳಿದ್ಲು. "ಎರಡನೇದ್ದು ನೆನಪಾಗವಲ್ದು" ಅಂದೆ. ಅದು ಸುಳ್ಳು. ನನ್ನ ಯಾದಿಯೊಳಗ ಬೆಳ್ಳಿಮೋಡ ಎರಡನೇದ್ದು. ಒಂದನೇದ್ದು ಶರಪಂಜರ. ಬಾಯಿ ಬರಲಿಲ್ಲ ಯಾಕ ಅಂದ್ರ, ಕಂಬಕ್ಕ ಆನಿಸಿ ಕೂತು ಹಿಟ್ಟಿನ ಉಂಡಿ ಮಾಡ್ಲಿಕ್ಕತ್ತಿದ್ದಾಕಿ ನಮ್ಮ ಸಣ್ಣ ಮೌಶಿ.

ನಿಮ್ಮೊಳಗ ಹಿರಿಯರಿಗೆ ಗೊತ್ತದ, ಸಣ್ಣವರಿಗೆ ಗೊತ್ತಿಲ್ಲ. ಮೌಶಿಗೆ ಎರಡನೇ ಹೆರಿಗಿ ಆದದ್ದು 1979ರಾಗ, ಗಂಡು ಕೂಸು. ಆದ ಹದಿನೈದು ದಿನಕ್ಕ ನಿದ್ದಿ ಹೋತು, ಕೂಸಿಗೆ ಹಾಲು ಕೊಡಲಿಕ್ಕೆ ಒಲ್ಲೆ ಅಂದ್ಲು, ಗ್ವಾಡಿ ಕೂಡ ಮಾತಾಡ್ಲಿಕ್ಕೆ ಹತ್ತಿದ್ಲು. ಮೊದಲ ದೃಷ್ಟಿ ತಗದ್ರು, ತಾಯತ ಕಟ್ಟಿದ್ರು, ಆಮ್ಯಾಲೆ ದವಾಖಾನಿ. ನಾಕು ತಿಂಗಳು ಅಲ್ಲೆ ಇದ್ಲು. ಗುಣ ಆಗಿ ಬಂದ್ಲು. ಬಂದಾಕಿ ಅತ್ತಿಮನಿಗೆ ಹೋಗಲಿಲ್ಲ, ನಮ್ಮನಿಗೆ ಬಂದ್ಲು. ಕಾಕಾ ಕೆಟ್ಟವರಲ್ಲ, ತಿಂಗಳಿಗೊಮ್ಮೆ ಬಂದು ಹಣ್ಣು ಕೊಟ್ಟು ಹೋಗ್ತಿದ್ರು. ಮಕ್ಕಳನ್ನ ಮಾತ್ರ ಕರಕೊಂಡು ಬರ್ತಿರಲಿಲ್ಲ. "ಇನ್ನೂ ಸ್ವಲ್ಪ ದಿನ ಹೋಗಲಿ" ಅಂತಿದ್ರು. ಆ ಸ್ವಲ್ಪ ದಿನ ಆರು ವರ್ಷ ಆತು. ಮಗ ಅಜ್ಜಿನ್ನ ಅವ್ವಾ ಅಂತ ಕರ್ಕೋತ ಬೆಳದ.

ನಮ್ಮನ್ಯಾಗೂ ಅಷ್ಟ. ಯಾರೂ ಬಿರುಸು ಮಾತಾಡ್ತಿರಲಿಲ್ಲ. ಆದ್ರ ಮೌಶಿ ಒಲಿ ಮುಂದ ಕೂತ್ರ ಯಾರರೆ ಒಬ್ಬರು ಬಾಗಲದಾಗ ಬಂದು ನಿಂದರೂದು. ಈಳಿಗಿ ಕಪಾಟಿನ ಮ್ಯಾಲಿಟ್ಟದ್ದು ಕೆಳಗ ಬರಲಿಲ್ಲ. ಅಕಿ ಜೋರಾಗಿ ನಕ್ರ ನಮ್ಮವ್ವ ನಮ್ಮಪ್ಪನ ಮುಖ ನೋಡೂದು.

1982ರಾಗ ಟಾಕೀಜಿನ್ಯಾಗ ಶರಪಂಜರ ತಿರಗಿ ಹಾಕಿದ್ರು. ಮೌಶಿ ತಾನ ಕೇಳಿದ್ಲು, ನಾ ಹೋಗ್ತೀನಿ ಅಂತ. ಮನ್ಯಾಗ ಒಂದು ತಾಸು ಗುಸುಗುಸು ನಡೀತು. ಹುಚ್ಚಿನ ಸಿನಿಮಾ, ಅಕಿಗೆ ತೋರಿಸೂದು ಬರೋಬರಿ ಅದ ಏನ? ಕಡೀಕ ಹದಿನಾರು ವರ್ಷದ ನನ್ನ ಜೋಡಿ ಮಾಡಿ ಕಳಿಸಿದ್ರು. "ಸಿನಿಮಾ ನೋಡಬ್ಯಾಡ, ಅಕಿ ಕಡೆ ಲಕ್ಷ್ಯ ಇಡು" ಅಂದ್ಲು ನಮ್ಮವ್ವ.

ಹಿಂಗಾಗಿ ನಾ ಶರಪಂಜರ ನೋಡಿದ್ದು ಅರ್ಧ ತೆರಿ ಮ್ಯಾಲೆ, ಅರ್ಧ ಮೌಶಿ ಮುಖದ ಮ್ಯಾಲೆ. ಕಾವೇರಿ ಆಗಿ ಕಲ್ಪನಾ. ಪ್ರೀತಿ ಮಾಡಿ ಮದುವಿ ಆದ ಗಂಡ, ಮನಿ ತುಂಬ ನಗಿ. ನಮ್ಮ ಬೇಂದ್ರೆ ಅಜ್ಜಾರ ಪದ್ಯ ಹಾಡಾಗಿ ಬರ್ತದ, ಅದು ಬಂದಾಗ ನಮ್ಮ ಟಾಕೀಜಿನ್ಯಾಗ ಸಿಳ್ಳಿ ಬಿದ್ವು. ಎರಡನೇ ಹೆರಿಗಿ ಆಗ್ತದ, ಕಾವೇರಿಗೆ ಬುದ್ಧಿ ಕೆಡ್ತದ. ದವಾಖಾನಿ. ಗುಣ ಆಗಿ ಮನಿಗೆ ಬರ್ತಾಳ. ಬಂದ ಮ್ಯಾಲಿಂದ ಶುರು. ಗಂಡ ದೂರ, ಮಂದಿ ದೂರ, ಅಕಿ ಏನು ಮಾಡಿದ್ರೂ ಇನ್ನೂ ಅದ ಅಂತ ನೋಡೂ ಕಣ್ಣು. ಗಂಡಗ ಇನ್ನೊಬ್ಬಾಕಿ ಅದಾಳ ಅಂತ ಗೊತ್ತಾಗ್ತದ. ಅಕಿ ಮತ್ತ ಮುರೀತಾಳ. ನಮ್ಮ ಹಿಂದ ಕೂತ ಗಂಡಸರು ಯಾರೋ "ಹುಚ್ಚಿ ಛೊಲೊ ಆ್ಯಕ್ಟಿಂಗ್ ಮಾಡ್ಯಾಳ" ಅಂದ್ರು. ಮೌಶಿ ಕಣ್ಣಾಗ ಒಂದು ಹನಿ ನೀರು ಬರಲಿಲ್ಲ. ಹೊರಗ ಬಂದು ಶೇಂಗಾ ತಗೊಂಡ್ವಿ. ದಾರ್ಯಾಗ ಕೇಳಿದ್ಲು, "ನಿನ್ನ ಯಾಕ ಕಳಿಸ್ಯಾರ ನನ್ನ ಕೂಡ?" ನಾ ಅಂದೆ, "ನಂಗೂ ನೋಡೂದಿತ್ತು ಮೌಶಿ." ಅಕಿ ಶೇಂಗಾ ಒಡಕೋತ ನಡದ್ಲು.

ಇದನ್ನ ಬರದು ಇಲ್ಲಿಗೆ ನಿಲ್ಲಿಸಿದ್ರ ನಾ ಭಾಳ ಒಳ್ಳೆಯಾಕಿ ಅನಿಸ್ತೀನಿ. ಇನ್ನೊಂದು ಅದ.

1991ರಾಗ ನನ್ನ ಮೊದಲನೇ ಹೆರಿಗಿ, ತವರಮನ್ಯಾಗ ಬಾಣಂತನ. ಅಷ್ಟೊತ್ತಿಗೆ ಮೌಶಿ ತನ್ನ ಮನಿಗೆ ಹೋಗಿ ವರ್ಷಾಗಿದ್ವು, ಮಕ್ಕಳೂ ಅಕಿ ಕಡೆ ಬಂದಿದ್ರು, ಸಂಸಾರ ನಡಸ್ಕೊಂಡು ಹೊಂಟಿದ್ಲು. ನಮ್ಮವ್ವಗ ಕೈ ಸಾಲೂದುಲ್ಲ ಅಂತ ತಾನಾಗೇ ಬಂದ್ಲು. ಬಚ್ಚಲದಾಗ ಮಣಿ ಹಾಕ್ಕೊಂಡು, ಕಾಲು ಚಾಚಿ, ಕಾಲ ಮ್ಯಾಲೆ ಕೂಸು ಮಲಗಿಸ್ಕೊಂಡು ಎಣ್ಣಿ ಹಚ್ಚಲಿಕ್ಕತ್ತಿದ್ಲು. ಹಂಡೇದಾಗ ನೀರು ಕುದೀತಿತ್ತು. ನಾ ಒಳಗಿನ ಕೋಲ್ಯಾಗಿಂದ ಕೂಗಿದೆ: "ಅವ್ವಾ, ನೀನ ಎರಿ ಕೂಸಿಗೆ. ನೀನ ಎರಿ." ಯಾಕ ಕೂಗಿದೆ? ಹೆದರಿಕಿ ಬಂತು. ಆ ನೀರು, ಆ ಕೈ. ಹನ್ನೆರಡು ವರ್ಷ ಆಗಿತ್ತು ಅಕಿ ಗುಣ ಆಗಿ. ನಾ ಸಿನಿಮಾ ನೋಡಿದಾಕಿ, ಆ ಗಂಡನ್ನ, ಆ ಮಂದಿನ್ನ ಬೈದಾಕಿ.

ಮೌಶಿ ಏನೂ ಅನ್ನಲಿಲ್ಲ. ಕೂಸನ್ನ ನಮ್ಮವ್ವನ ಕೈಯಾಗ ಕೊಟ್ಲು, ಕೈ ತೊಳಕೊಂಡ್ಲು, ಬಂದು ನನ್ನ ಹಾಸಿಗಿ ಕೆಳಗ ಅಗ್ಗಿಷ್ಟಿಗಿಗೆ ಕೆಂಡ ಹಾಕಿದ್ಲು. ಮರುದಿನ ಬಸ್ಸಿಗೆ ಹೋದ್ಲು.

ಈಗ ಪಡಸಾಲಿಗೆ ತಿರಗಿ ಬರ್ರಿ. ಎಲ್ಲಾರ ಯಾದಿ ಮುಗೀತು. ತಂಗಿ ಮಗಳಿಗೆ ಇದ್ಯಾವುದೂ ಗೊತ್ತಿಲ್ಲ. ಬಂದಾಗಿಂದ ಕೂಸನ್ನ ದಿನಾ ಮೌಶಿ ಕೈಲೆ ಎರಿಸ್ತಾಳ, "ಅಜ್ಜಿ ಎರದ್ರ ಮೂರು ತಾಸು ಮಲಗ್ತಾನ" ಅಂತಾಳ. ಅಕಿ ಕೇಳಿದ್ಲು, "ಅಜ್ಜಿ, ನೀವೂ ಹೇಳ್ರಿ, ನಿಮ್ಮ ನಂಬರ್ ಒಂದು ಯಾವ್ದು?"

ಮೌಶಿ ಉಂಡಿ ಮಾಡೂದು ನಿಲ್ಲಸಲಿಲ್ಲ. "ಶರಪಂಜರ" ಅಂದ್ಲು.

ಲಟ್ಟಣಗಿ ಸಪ್ಪಳ ಎಲ್ಲಾ ನಿಂತ್ವು. ನಮ್ಮನಿಯವರ ಪೇಪರ್ ಸೈತ ಕೆಳಗ ಬಂತು. ಬಾಜೂ ಮನಿ ವೈನಿ ಗಡಬಡಿಸಿ "ಅಯ್ಯ ಅದು ಅಳೂ ಸಿನಿಮಾ ಬಿಡ್ರಿ" ಅಂದ್ರು.

"ಎಲ್ಲಾರೂ ಅದನ್ನ ಹುಚ್ಚಿನ ಸಿನಿಮಾ ಅಂತಾರ" ಅಂದ್ಲು ಮೌಶಿ. "ಅದು ಹುಚ್ಚು ಹಿಡದದ್ದರ ಸಿನಿಮಾ ಅಲ್ಲ. ಗುಣ ಆದದ್ದರ ಸಿನಿಮಾ. ಅಕಿ ಗುಣ ಆಗಿ ಬಂದಿರ್ತಾಳ. ಮನ್ಯಾಗ ಒಬ್ಬರಿಗೂ ಅದು ಕಾಣೂದುಲ್ಲ."

ಯಾರೂ ಮಾತಾಡಲಿಲ್ಲ. ಅಷ್ಟರಾಗ ಕೂಸು ಎದ್ದು ಅತ್ತಿತು, ಪುಣ್ಯಾಕ್ಕ.

ನಾ ಈ ಸಿನಿಮಾ ಎಂಟ್ಹತ್ತು ಸಲ ನೋಡೀನಿ. ಬೆಳ್ಳಿಮೋಡ, ಶರಪಂಜರ ಎರಡೂ ತ್ರಿವೇಣಿಯವರ ಕಾದಂಬರಿ, ಎರಡೂ ಪುಟ್ಟಣ್ಣಂದು, ಎರಡರಾಗೂ ಕಲ್ಪನಾ. ತ್ರಿವೇಣಿ ಎರಡನ್ನೂ ನೋಡಲಿಲ್ಲ. ಮೂವತ್ತೈದು ತುಂಬೂ ಮೊದಲ, 1963ರಾಗ, ಹೆರಿಗಿ ಆದ ಕೆಲವ ದಿನಕ್ಕ ಹೋದ್ರು. ಕಲ್ಪನಾ 1979ರಾಗ ನಮ್ಮ ಸಂಕೇಶ್ವರದ ಹತ್ರ ಗೋಟೂರಿನ್ಯಾಗ ಹೋದ್ಲು, ಮೌಶಿ ಮನಸು ಕೆಟ್ಟದ್ದೂ ಅದ ವರ್ಷ. ಇದೆಲ್ಲಾ ನಂಗ ಗೊತ್ತಿತ್ತು, ಯಾರರೆ ಕೇಳಿದ್ರ ಪಟಪಟ ಹೇಳ್ತಿದ್ದೆ. ಆದ್ರ ಗುಣ ಆದದ್ದರ ಸಿನಿಮಾ ಅನ್ನೂದು ನನ್ನ ತಲಿಗೆ ಹೊಳದಿರಲಿಲ್ಲ.

ಅವತ್ತ ಸಂಜೀಕ ಮಾಳಗಿ ಮ್ಯಾಲಿನ ಸಂಡಿಗಿ ತಗಿಲಿಕ್ಕೆ ನಾವಿಬ್ಬರ ಹೋಗಿದ್ವಿ. ನಾ ಬಚ್ಚಲದ ಮಾತು ತಗದೆ. ಮೂವತ್ತು ವರ್ಷದ ಮ್ಯಾಲೆ ತಗದೆ. "ಮೌಶಿ, ಅವತ್ತ ನಾ ಹಂಗ ಕೂಗಬಾರದಿತ್ತು" ಅಂದೆ. ಅಕಿ "ಯಾವತ್ತ?" ಅನ್ನಲಿಲ್ಲ. ಸಂಡಿಗಿ ಬಿಡಿಸ್ಕೋತ "ನೀರು ಖರೇನ ಸುಡ್ತಿತ್ತು, ನಾ ಬೆರಸ್ಲಿಕ್ಕೆ ತಣ್ಣೀರು ತಗೋಬೇಕಂತಿದ್ದೆ" ಅಂದ್ಲು. ಆಮ್ಯಾಲೆ ಸ್ವಲ್ಪ ತಡದು, "ನೀ ಬಾಣಂತಿ ಇದ್ದಿ, ನಿನಗ ಹೆದರಿಕಿ ಬಂದಿತ್ತು. ನಿನ್ನ ಮ್ಯಾಲೆ ಸಿಟ್ಟು ಬರಲಿಲ್ಲ. ನಿಮ್ಮವ್ವನ ಮ್ಯಾಲೆ ಬಂತು. ಅಕಿ ಓಡಿ ಬಂದ್ಲಲ್ಲ" ಅಂದ್ಲು. ನಮ್ಮವ್ವ ಈಗಿಲ್ಲ. ಅಕಿ ಪರವಾಗಿ ಏನು ಹೇಳ್ಬೇಕು ಅಂತ ನಂಗ ತಿಳೀಲಿಲ್ಲ. ಸಂಡಿಗಿ ಸೀರಿಯಿಂದ ಬಿಡಿಸಿ ಬುಟ್ಟಿಗೆ ತುಂಬಿದ್ವಿ.

ಇದನ್ನ ಬರಿಯೂ ಮೊದಲ ಅಕಿಗೆ ಫೋನ್ ಮಾಡಿ ಕೇಳಿದೆ, ಬರೀಲೇನು ಅಂತ. "ಹೆಸರು ಹಾಕಬ್ಯಾಡ, ಉಳದದ್ದು ಬೇಕಾದ್ರ ಬರಿ" ಅಂದ್ಲು. ಬರದ ಮ್ಯಾಲೆ ಪೂರ್ತಿ ಓದಿ ಹೇಳಿದೆ. ಎಲ್ಲಾ ಕೇಳಿ, "ಕಲ್ಪನಾನ ಸೀರಿ ಬಗ್ಗೆ ಒಂದೂ ಮಾತು ಬರದಿಲ್ಲಲ್ಲ?" ಅಂದ್ಲು.

ಇಲ್ಲ ಅಂದೆ.

"ಮತ್ತೇನ ಬರದಿ ನೀ? ನಾ ಆ ಸಿನಿಮಾ ಮೊದಲ ನೋಡಿದ್ದು 1971ರಾಗ, ಮದುವಿಗಿಂತ ಎರಡು ವರ್ಷ ಮೊದಲ, ಕಾಲೇಜಿನ ಗೆಳತ್ಯಾರ ಕೂಡ. ಕಥಿ ಯಾರು ನೋಡಿದ್ವಿ? ಸೀರಿ, ಬಳಿ, ಬ್ಲೌಸು ನೋಡ್ಲಿಕ್ಕೆ ಹೋಗಿದ್ವಿ. ಮಾರನೇ ವಾರನ ಟೇಲರ್ ಕಡೆ ಹೋಗಿ ಉದ್ದ ತೋಳಿನ ಬ್ಲೌಸು ಹೊಲಿಸಿದ್ದೆ, ಗುಲಾಬಿ ಬಣ್ಣದ್ದು. ನಿಮ್ಮಜ್ಜ ನೋಡಿ ಬೈದಿದ್ದ. ಅದನ್ನ ಬರಿ."

ಬರದೀನಿ, ಮೌಶಿ. ಗುಲಾಬಿ ಬಣ್ಣದ್ದು, ಉದ್ದ ತೋಳಿಂದು.